ಕಪ್ಪೋ ಬಿಳಿಯೋ, ನೋಡುವವರೇ ಆರಿಸಲಿ

ಶಿರಸಿಯ ಅಡಿಕೆ ದರ ತೋರಿಸುವ ವೆಬ್‌ಸೈಟೊಂದನ್ನು ನಾನು ನೋಡಿಕೊಳ್ಳುತ್ತೇನೆ. ಈ ಸಲದ ಕೊಯ್ಲಿನ ಹೊತ್ತಿಗೆ ಅದಕ್ಕೆ ಹೊಸ ರೂಪ ಕೊಟ್ಟು, ದರಪಟ್ಟಿಯ ಜಾಗ ಬದಲಿಸಿ, ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಿದೆ. ಮರುದಿನ ಅಂಗಳದಲ್ಲಿ ಚಾಲಿ ಅಡಿಕೆ ಹರವುತ್ತಿದ್ದ ಅಪ್ಪಯ್ಯ ಫೋನು ಹಿಡಿದು ಕೂಗಿದರು: "ತಮಾ, ರಾಶಿ ಅಡಿಕೆ ರೇಟು ಎಲ್ಲಿದ್ದೋ? ಬರೀ ನನ್ನ ಮುಖವೇ ಕಾಣ್ತು."

ಬಿಸಿಲಲ್ಲಿ ಕಪ್ಪು ಪರದೆ ಕನ್ನಡಿಯಾಗುತ್ತದೆ. ಹಾಗಾಗಿ ವೆಬ್‌ಸೈಟ್ ಮಾಡುವವರೇ, ನಿಮ್ಮಿಷ್ಟದ ಬಣ್ಣ ಹೇರಬೇಡಿ. 2019ರಲ್ಲಿ ಬಂದ ಆಂಡ್ರಾಯ್ಡ್ 10 ಮತ್ತು ಐಓಎಸ್ 13ರಿಂದ ಡಾರ್ಕ್ ಮೋಡ್ (ಕಪ್ಪು ಹಿನ್ನೆಲೆ) ಆಯ್ಕೆ ಫೋನಿನಲ್ಲೇ ಇದೆ. ಪುಟದ ರೂಪ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ, ಫೋನಿನ ಆ ಆಯ್ಕೆಯನ್ನು ತಿಳಿಸುವ ಪ್ರಿಫರ್ಸ್-ಕಲರ್-ಸ್ಕೀಮ್ ಬಳಸಿ ಅದನ್ನೇ ಅನುಸರಿಸಿ. ಜೊತೆಗೊಂದು ಬಟನ್ ಇಡಿ, ಆರಿಸಿದ್ದು ಮುಂದಿನ ಸಲವೂ ಉಳಿಯಲಿ.

ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳಿ ಬೇಡ. ಅಸ್ಟಿಗ್ಮ್ಯಾಟಿಸಂ (ನೋಟ ಮಸುಕಾಗಿಸುವ ಒಂದು ದೃಷ್ಟಿದೋಷ) ಇರುವವರಿಗೆ ಅಕ್ಷರದ ಅಂಚು ಹರಡಿದಂತೆ ಕಾಣಬಹುದು; 'ಷ್ಟ್ರ'ದಂಥ ಒತ್ತಕ್ಷರವಂತೂ ಕಲಸಿಹೋಗುತ್ತದೆ. ಗಾಢ ಬೂದಿನ ಮೇಲೆ ಕೆನೆಬಣ್ಣ ಹಾಕಿ, ಕಾಂಟ್ರಾಸ್ಟ್ (ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ) 4.5:1ಕ್ಕಿಂತ ಇಳಿಯದಿರಲಿ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ.

ಜನ ಬೈದರೆಂದು ಎಲ್ಲವನ್ನೂ ಹಿಂದೆ ತೆಗೆದುಕೊಳ್ಳಬೇಡಿ. "ಚೆಂದ ಇಲ್ಲ" ಬೇರೆ, "ಕಾಣ್ತಾ ಇಲ್ಲ" ಬೇರೆ. ಎರಡನೆಯದನ್ನು ಅಂದೇ ಸರಿಮಾಡಿ. ಮೊದಲನೆಯದಕ್ಕೆ ಎರಡು ವಾರ ಕಾಯಿರಿ. ನಾನು ಆ ರಾತ್ರಿಯೇ ದರಪಟ್ಟಿಯನ್ನು ಹಳೆಯ ಜಾಗಕ್ಕೆ ತಂದೆ, ಹಳೆಯ ಕ್ರಮದಲ್ಲೇ: ರಾಶಿ, ಬೆಟ್ಟೆ, ಚಾಲಿ.