ತಗಡು ಕತ್ತರಿಸುವ, ಬಾಗಿಸುವ ಉಪಕರಣಗಳು: ಆಯ್ಕೆ ಮತ್ತು ಬಳಕೆಯ ಕ್ರಮ

ತಗಡನ್ನು ಕತ್ತರಿಸುವ ಯಾವುದೇ ಉಪಕರಣವು ಲೋಹವನ್ನು ಪಕ್ಕಕ್ಕೆ ತಳ್ಳುತ್ತದೆ, ಇಲ್ಲವೇ ಅದರಲ್ಲಿ ಒಂದಿಷ್ಟನ್ನು ತೆಗೆದುಹಾಕುತ್ತದೆ. ಕತ್ತರಿ ತಳ್ಳುತ್ತದೆ, ಗರಗಸ, ನಿಬ್ಲರ್ (ತಗಡನ್ನು ಚೂರುಚೂರಾಗಿ ಕಚ್ಚಿ ತೆಗೆಯುವ ಯಂತ್ರ), ಗ್ರೈಂಡರ್‌ಗಳು ತೆಗೆಯುತ್ತವೆ. ತಳ್ಳಲ್ಪಟ್ಟ ಲೋಹ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲೇ ಯೋಚಿಸಿಕೊಂಡರೆ, ಯಾವ ಉಪಕರಣ ಬೇಕು, ಗೆರೆಯ ಯಾವ ಬದಿಯಿಂದ ಕತ್ತರಿಸಬೇಕು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ತಾವಾಗಿಯೇ ಬಗೆಹರಿಯುತ್ತವೆ.

ಮೊದಲು ದಪ್ಪವನ್ನು ತಿಳಿಯಬೇಕು. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗಿರುತ್ತದೆ: ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಅಳತೆಯಲ್ಲಿ 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 22 ಗೇಜ್ ಎಂದರೆ ಸುಮಾರು 0.7 ಮಿ.ಮೀ. ಗೇಜ್ ಪಟ್ಟಿಗಳು ಒಂದಕ್ಕಿಂತ ಹೆಚ್ಚು ಇರುವುದರಿಂದ ಮೈಕ್ರೋಮೀಟರ್ ಅಥವಾ ವರ್ನಿಯರ್ ಹಿಡಿದು ಮಿಲಿಮೀಟರಿನಲ್ಲೇ ಅಳೆದುಕೊಳ್ಳುವುದು ಕ್ಷೇಮ.

ಗುರುತು ಹಾಕಲು ಉಕ್ಕಿನ ಸ್ಕೇಲು, ಮೂಲೆಮಟ್ಟ, ಡಿವೈಡರ್ ಮತ್ತು ಸ್ಕ್ರೈಬರ್ (ಗೀರು ಹಾಕುವ ಚೂಪಾದ ಉಕ್ಕಿನ ಕಡ್ಡಿ) ಸಾಕು. ಕತ್ತರಿಸುವ ಗೆರೆಯನ್ನು ಸ್ಕ್ರೈಬರ್‌ನಿಂದ ಒಂದೇ ಸಲಕ್ಕೆ ಸ್ಪಷ್ಟವಾಗಿ ಗೀರಬೇಕು. ಬಾಗಿಸುವ ಗೆರೆಯನ್ನು ಮಾತ್ರ ಗೀರಬಾರದು, ಪೆನ್ಸಿಲ್ ಅಥವಾ ಮಾರ್ಕರ್‌ನಿಂದ ಎಳೆಯಬೇಕು; ಗೀರು ಅಲ್ಯೂಮಿನಿಯಂ ತಗಡಿನಲ್ಲಿ ಬಿರುಕಿಗೆ ದಾರಿ ಮಾಡಿಕೊಡುತ್ತದೆ, ಜಿ.ಐ. ಶೀಟಿನಲ್ಲಿ ಸತುವಿನ ಲೇಪನವನ್ನು ಕಿತ್ತು ಅಲ್ಲಿಂದಲೇ ತುಕ್ಕು ಹಿಡಿಯುವಂತೆ ಮಾಡುತ್ತದೆ.

ಕೈಯಿಂದ ಕತ್ತರಿಸಲು ಹೆಚ್ಚು ಅನುಕೂಲವಾದದ್ದು ಜೋಡಿ ಕೀಲಿನ ಏವಿಯೇಷನ್ ಸ್ನಿಪ್ಸ್ ಎಂಬ ತಗಡಿನ ಕತ್ತರಿ. ಸಾಮಾನ್ಯ ರೂಢಿಯಂತೆ ಹಳದಿ ಹಿಡಿಯದು ನೇರಕ್ಕೆ, ಕೆಂಪು ಹಿಡಿಯದು ಎಡಕ್ಕೆ ತಿರುಗುವ ಬಾಗಿಗೆ, ಹಸಿರು ಹಿಡಿಯದು ಬಲಕ್ಕೆ ತಿರುಗುವ ಬಾಗಿಗೆ. ಸಾಧಾರಣ ಉಕ್ಕಿನಲ್ಲಿ 18 ಗೇಜ್‌ವರೆಗೆ ಇವು ಕೆಲಸ ಮಾಡುತ್ತವೆ. ಸ್ಟೇನ್‌ಲೆಸ್ ಉಕ್ಕು ಗಡುಸಾದ್ದರಿಂದ ಅದರಲ್ಲಿ 22 ಗೇಜ್‌ಗೆ ನಿಲ್ಲಿಸುವುದು ಒಳ್ಳೆಯದು. ಅಳತೆಗಿಂತ ಕೆಲವು ಮಿಲಿಮೀಟರ್ ಹೆಚ್ಚು ಬಿಟ್ಟು ಮೊದಲು ಒರಟಾಗಿ ಕತ್ತರಿಸಿ, ಉಳಿದ ಕಿರುಪಟ್ಟಿಯನ್ನು ಎರಡನೆಯ ಸಲ ಗೆರೆಗೆ ಸರಿಯಾಗಿ ತೆಗೆಯುವ ಕ್ರಮವನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಅಗಲವಾದ ತುಂಡು ಎರಡು ಅಲಗುಗಳ ನಡುವೆ ಬಾಗಲು ಒಪ್ಪದೆ ಬೇಕಾದ ಭಾಗವನ್ನೂ ಎಳೆದು ಸೊಟ್ಟ ಮಾಡುತ್ತದೆ. ಕಿರುಪಟ್ಟಿಯಾದರೋ ಸುಲಭವಾಗಿ ಸುರುಳಿ ಸುತ್ತಿಕೊಂಡು ದೂರ ಸರಿಯುತ್ತದೆ, ಬೇಕಾದ ಭಾಗ ಚಪ್ಪಟೆಯಾಗಿಯೇ ಉಳಿಯುತ್ತದೆ. ತಗಡನ್ನು ಅಲಗುಗಳ ಬುಡದವರೆಗೆ ಒಳಗೆ ತಳ್ಳಿ, ತುದಿಗಳು ಪೂರ್ತಿ ಮುಚ್ಚುವ ಮೊದಲೇ ಒತ್ತುವುದನ್ನು ನಿಲ್ಲಿಸಿ ಮುಂದೆ ಸರಿಸಬೇಕು. ಪ್ರತಿ ಸಲವೂ ಪೂರ್ತಿ ಮುಚ್ಚಿದರೆ ತುದಿ ತಾಗಿದಲ್ಲೆಲ್ಲ ಅಂಚಿನಲ್ಲಿ ಅಡ್ಡಕ್ಕೆ ಸಣ್ಣ ಹರಿತವಾದ ಮುಳ್ಳು ಏಳುತ್ತದೆ, ಅಂಗೈ ಸೀಳುವುದು ಹೆಚ್ಚಾಗಿ ಇಂಥ ಮುಳ್ಳೇ. ತಗಡಿನ ನಡುವೆ ರಂಧ್ರ ಬೇಕಿದ್ದರೆ, ಬೇಡವಾದ ಭಾಗದಲ್ಲಿ ಕತ್ತರಿಯ ಮೂತಿ ಹಿಡಿಸುವಷ್ಟು ತೂತು ಕೊರೆದು, ಅಲ್ಲಿಂದ ಸುರುಳಿಯಾಗಿ ಗೆರೆಯತ್ತ ಬರಬೇಕು.

ಉದ್ದನೆಯ ನೇರ ಕಡಿತಗಳು ಹಲವಿದ್ದರೆ ಬೆಂಚ್ ಶಿಯರ್ (ಬೆಂಚಿಗೆ ಬಿಗಿದ, ಉದ್ದ ಹಿಡಿಯ ಕತ್ತರಿ) ಉತ್ತಮ. ಅಲೆಅಲೆಯಾದ ಛಾವಣಿ ತಗಡಿಗೆ, ಕಡಿತದ ಎರಡೂ ಬದಿ ಚಪ್ಪಟೆಯಾಗಿ ಉಳಿಯಬೇಕಾದ ಕೆಲಸಕ್ಕೆ ನಿಬ್ಲರ್‌ಗೆ ಸಾಟಿಯಿಲ್ಲ. ಆದರೆ ಅದು ಉದುರಿಸುವ ಅರ್ಧಚಂದ್ರಾಕಾರದ ಚೂರುಗಳು ಚಪ್ಪಲಿಯ ಅಡಿಗೆ ಚುಚ್ಚಿಕೊಂಡು ಎಲ್ಲೆಡೆ ಹರಡುವುದರಿಂದ ಕೂಡಲೇ ಗುಡಿಸಿ ತೆಗೆಯಬೇಕು. ಹ್ಯಾಕ್ಸಾ ಬಳಸುವುದಾದರೆ ಇಂಚಿಗೆ 32 ಹಲ್ಲಿನ ಬ್ಲೇಡನ್ನೇ ಆರಿಸಿ, ತಗಡನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಬಿಗಿದು ಮರದ ಸಮೇತ ಕೊಯ್ಯಬೇಕು. ಆಂಗಲ್ ಗ್ರೈಂಡರ್ ವೇಗವಾದುದು ನಿಜ, ಆದರೆ ತೆಳು ತಗಡನ್ನು ಶಾಖದಿಂದ ಸೊಟ್ಟಗಾಗಿಸಿ ಅಂಚಿನ ಸತುವನ್ನು ಸುಡುತ್ತದೆ. ಬೇರೆ ದಾರಿ ಇರುವಾಗ ಅದನ್ನು ಕೈಗೆತ್ತಿಕೊಳ್ಳಬಾರದು.

ಕತ್ತರಿಸಿದ ಅಂಚನ್ನು ಸಣ್ಣ ಹಲ್ಲಿನ ಅರದಿಂದ ಎರಡೂ ಮುಖಗಳಲ್ಲಿ ಸವರಿದ ಮೇಲೆಯೇ ಬಾಗಿಸುವ ಕೆಲಸಕ್ಕೆ ಹೋಗಬೇಕು. ಎರಡು ಮಡಿಕೆಗಳು ಸಂಧಿಸುವ ಮೂಲೆಯಲ್ಲಿ ಸಣ್ಣ ತೂತು ಕೊರೆದಿಟ್ಟರೆ ಅಲ್ಲಿ ಲೋಹ ಸೀಳುವುದಿಲ್ಲ. ತಗಡನ್ನು ಹಿಡಿಯುವಾಗ ಕೈಗವಸು ಬೇಕೇ ಬೇಕು, ಡ್ರಿಲ್ ತಿರುಗುತ್ತಿರುವಾಗ ಮಾತ್ರ ಅದನ್ನು ತೆಗೆದಿಡಬೇಕು; ತಿರುಗುವ ಬಿಟ್ ಗವಸನ್ನು ಸುತ್ತಿಕೊಂಡರೆ ಬೆರಳು ಉಳಿಯುವುದಿಲ್ಲ. ಕೊರೆಯುವ ತಗಡಿನ ಅಡಿಗೆ ಮರದ ಹಲಗೆ ಇಟ್ಟು ಎರಡನ್ನೂ ಸೇರಿಸಿ ಕ್ಲ್ಯಾಂಪ್ ಮಾಡಬೇಕು.

ಬಾಗಿಸುವಾಗ ಅತಿ ಹೆಚ್ಚು ತಪ್ಪುವುದು ಅಳತೆ. ಬಾಗಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಉದ್ದ ಬದಲಾಗದ ಪದರ ದಪ್ಪದ ನಡುವಿಗಿಂತ ತುಸು ಒಳಗೆ, ಒಳಮೈಯಿಂದ ದಪ್ಪದ ಹೆಚ್ಚುಕಡಿಮೆ 0.4 ಪಾಲಿನಷ್ಟು ದೂರದಲ್ಲಿರುತ್ತದೆ. 1 ಮಿ.ಮೀ. ತಗಡನ್ನು 1 ಮಿ.ಮೀ. ಒಳತ್ರಿಜ್ಯದಲ್ಲಿ 90 ಡಿಗ್ರಿ ಬಾಗಿಸುವಾಗ ಬಾಗಿಗೆ ತಗಲುವ ಉದ್ದ 1.57 (90 ಡಿಗ್ರಿಗೆ π/2) × 1.4 (ಒಳತ್ರಿಜ್ಯ 1 + ದಪ್ಪದ 0.4), ಅಂದರೆ ಸುಮಾರು 2.2 ಮಿ.ಮೀ. ಹೊರ ಅಳತೆಗಳು 50 ಮತ್ತು 30 ಮಿ.ಮೀ. ಇರಬೇಕಾದರೆ ತಗಡನ್ನು 80 ಮಿ.ಮೀ.ಗೆ ಬದಲು 78.2 ಮಿ.ಮೀ.ಗೆ (ನೇರ ಭಾಗಗಳು 48 + 28, ಬಾಗು 2.2) ಕತ್ತರಿಸಬೇಕು. ಒಂದು ಬಾಗಿಗೆ ಈ ವ್ಯತ್ಯಾಸ ಅಲ್ಪ ಅನಿಸಬಹುದು, ನಾಲ್ಕು ಬಾಗಿನ ಪೆಟ್ಟಿಗೆಯಲ್ಲಿ ಅದು 7 ಮಿ.ಮೀ. ದಾಟುತ್ತದೆ, ಮುಚ್ಚಳ ಕೂರುವುದಿಲ್ಲ.

ಫೋಲ್ಡಿಂಗ್ ಯಂತ್ರ ಇಲ್ಲದಿದ್ದರೆ ಎರಡು ಆಂಗಲ್ ಕಬ್ಬಿಣಗಳ ನಡುವೆ ತಗಡನ್ನು ಇಟ್ಟು, ಗೆರೆ ಅಂಚಿಗೆ ಸರಿಯಾಗಿ ಕೂರುವಂತೆ ವೈಸ್‌ನಲ್ಲಿ ಬಿಗಿಯಬೇಕು. ಮೇಲೆ ನಿಂತ ಭಾಗವನ್ನು ಮೊದಲು ಮರದ ದಿಮ್ಮಿಯಿಂದ ಉದ್ದಕ್ಕೂ ಒಂದೇ ಸಮನೆ ಒತ್ತಿ ಬಾಗಿಸಿ, ಅನಂತರ ಮರದ ಕೊಡತಿಯಿಂದ ಬಾಗಿನ ಬುಡಕ್ಕೆ ಹತ್ತಿರವಾಗಿ ಬಡಿಯುತ್ತಾ ಹೋಗಬೇಕು. ಉಕ್ಕಿನ ಸುತ್ತಿಗೆ ಬೇಡ: ಅದರ ಪ್ರತಿ ಏಟೂ ತಗಡನ್ನು ಆ ಜಾಗದಲ್ಲಿ ತೆಳ್ಳಗೆ ಮಾಡಿ ಹಿಗ್ಗಿಸುತ್ತದೆ, ಹಿಗ್ಗಿದ ಅಂಚು ಮತ್ತೆ ನೇರವಾಗುವುದು ಕಷ್ಟ. ಬಿಟ್ಟೊಡನೆ ಲೋಹ ಸ್ವಲ್ಪ ಹಿಂದಕ್ಕೆ ಮರಳುವುದರಿಂದ ಬೇಕಾದ ಕೋನಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು ಬಾಗಿಸಬೇಕು. ಎಷ್ಟೆಂಬುದನ್ನು ಅದೇ ತಗಡಿನ ಚೂರಿನ ಮೇಲೆ ಪರೀಕ್ಷಿಸಿ ನೋಡಬೇಕು. ಗಡುಸು ಅಲ್ಯೂಮಿನಿಯಂನಲ್ಲಿ ಬಾಗಿನ ಗೆರೆ ರೋಲಿಂಗ್ ದಿಕ್ಕಿಗೆ (ತಯಾರಿಸುವಾಗ ತಗಡು ಉರುಳೆಗಳ ನಡುವೆ ಸಾಗಿದ ದಿಕ್ಕು) ಅಡ್ಡಲಾಗಿರುವಂತೆ ನೋಡಿಕೊಂಡರೆ ಬಿರುಕು ಬೀಳುವ ಸಂಭವ ಕಡಿಮೆ.

ಬಟ್ಟಲಿನಂತಹ ಉಬ್ಬು ಬೇಕಾದಾಗ ಮಾತ್ರ ಆ ಹಿಗ್ಗುವಿಕೆಯನ್ನೇ ಉಪಯೋಗಿಸಿಕೊಳ್ಳುತ್ತೇವೆ. ತಗಡನ್ನು ಮರಳುಚೀಲದ ಮೇಲಿಟ್ಟು ದುಂಡುಮೂತಿಯ ಕೊಡತಿಯಿಂದ ಬಡಿದು ತಗ್ಗು ಮಾಡಿ, ಆಮೇಲೆ ನುಣುಪಾದ ಉಕ್ಕಿನ ಗುಂಡುತಲೆಯ ಮೇಲೆ ಹಗುರ ಏಟುಗಳಿಂದ ಸಮಗೊಳಿಸಬೇಕು. ಬಡಿದಷ್ಟೂ ತಾಮ್ರ ಗಡುಸಾಗುತ್ತದೆ. ಏಟಿಗೆ ಮಣಿಯದಂತಾದಾಗ ಮಂಕು ಕೆಂಪಾಗುವವರೆಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಜಿ.ಐ. ಶೀಟನ್ನು ಹೀಗೆ ಕಾಯಿಸಲೇಬಾರದು, ಸತುವಿನ ಹೊಗೆ ಜ್ವರ ತರಿಸುತ್ತದೆ.

ಬಯಲಾಗಿ ಉಳಿಯುವ ಅಂಚನ್ನು ಒಳಕ್ಕೆ ಮಡಿಚಿದರೆ ಕೈಗೂ ಕ್ಷೇಮ, ತಗಡಿಗೂ ಬಲ. ಅಂಚಿನೊಳಗೆ ತಂತಿ ಸೇರಿಸುವುದಾದರೆ ತಂತಿಯ ವ್ಯಾಸದ ಎರಡೂವರೆ ಪಟ್ಟು ತಗಡನ್ನು ಹೆಚ್ಚುವರಿಯಾಗಿ ಬಿಟ್ಟಿರಬೇಕು. ಈ ಹೆಚ್ಚುವರಿಯನ್ನು ಗುರುತು ಹಾಕುವಾಗಲೇ ಸೇರಿಸಿಕೊಳ್ಳಬೇಕು. ಆ ತಂತಿಯನ್ನು ತುಂಡರಿಸಲು ತಗಡಿನ ಕತ್ತರಿಯನ್ನು ಬಳಸಬಾರದು. ಅಲಗಿನಲ್ಲಿ ಒಮ್ಮೆ ಕಚ್ಚು ಬಿದ್ದರೆ ಮುಂದಿನ ಪ್ರತಿ ಕಡಿತದಲ್ಲೂ ಅದೇ ಗುರುತು ಮೂಡುತ್ತದೆ.