ಮಳೆಗಾಲಕ್ಕೆಂದೇ ಕಟ್ಟಿದ ಕೊಟ್ಟಿಗೆ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ, ಕೆಳಗೆ ಒಂದೂವರೆ ಎಕರೆ ಗದ್ದೆ. ಕೊಟ್ಟಿಗೆಯಲ್ಲಿ ಈಗ 14 ದೊಡ್ಡ ಹಸುಗಳಿವೆ. ಹತ್ತು ಹಾಲು ಕೊಡುತ್ತಿವೆ, ನಾಲ್ಕು ಗಬ್ಬದಲ್ಲಿದ್ದು ಹಾಲು ಬತ್ತಿಸಿದವು. ಕರು, ಕಡಸು ಸೇರಿ ಇನ್ನೂ ಏಳು. ದಿನಕ್ಕೆ 110 ಲೀಟರ್ ಆಸುಪಾಸು ಹಾಲು. ನೋಡಲು ಬಂದವರು ಗೇಟು ದಾಟುತ್ತಲೇ ಕೇಳುವುದು, "ಯಾವ ತಳಿ ಅಕ್ಕಾ, ಹಸುವಿಗೆ ಎಷ್ಟು ಲೀಟರ್?" ನಾನು ಅವರನ್ನು ಮೊದಲು ಸೂರಿನ ಕೆಳಗೆ ನಿಲ್ಲಿಸಿ ಅದು ಎಷ್ಟು ಅಡಿ ಮುಂದಕ್ಕೆ ಚಾಚಿದೆ ಎಂದು ತೋರಿಸುತ್ತೇನೆ. ಹಸುವಿನ ವಿಷಯ ಆಮೇಲೆ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ ಕೊಟ್ಟಿಗೆ ಕಟ್ಟಬೇಕು, ಆ ನಾಲ್ಕು ತಿಂಗಳಿಗೆ ಮೇವು ಕೂಡಿಡಬೇಕು. ಅಷ್ಟಾದರೆ ಉಳಿದ ಎಂಟು ತಿಂಗಳು ಹೈನುಗಾರಿಕೆ ಇಲ್ಲಿ ಕಷ್ಟವೇ ಅಲ್ಲ. ಇದನ್ನು ನಾನು ಕಲಿತದ್ದು ಒಂದು ಹಸುವನ್ನು ಕಳೆದುಕೊಂಡ ಮೇಲೆ.

ನಮ್ಮ ಕಡೆ ಹಿಂದೆ ಹಸು ಸಾಕುತ್ತಿದ್ದದ್ದು ಹಾಲಿಗಿಂತ ಗೊಬ್ಬರಕ್ಕೆ. ಅತ್ತೆಯ ಕಾಲದಲ್ಲಿ ಮನೆಯಲ್ಲಿ ಆರೇಳು ಮಲೆನಾಡು ಗಿಡ್ಡ ತಳಿಯ ನಾಟಿ ಹಸುಗಳಿದ್ದವಂತೆ. ಹೊತ್ತಿಗೆ ಒಂದು ಲೀಟರ್ ಹಾಲು, ಆದರೆ ವರ್ಷಪೂರ್ತಿ ಗದ್ದೆಗೂ ತೋಟಕ್ಕೂ ಸಾಲುವಷ್ಟು ಗೊಬ್ಬರ. 1955ರಲ್ಲೇ ಕೂಡಿಗೆಯಲ್ಲಿ ಡೈರಿ ಶುರುವಾದ ಜಿಲ್ಲೆ ಇದು. ಆದರೂ ಕಾಫಿಗೆ ಬೆಲೆ ಇದ್ದ ವರ್ಷಗಳಲ್ಲಿ ತೋಟದವರು ಹಾಲಿನ ಕಡೆ ಅಷ್ಟಾಗಿ ತಿರುಗಿ ನೋಡಲಿಲ್ಲ. ನಾನು ಶುರು ಮಾಡಿದ್ದು 2016ರಲ್ಲಿ. ವರ್ಷಕ್ಕೊಮ್ಮೆ ಬರುವ ಕಾಫಿ ದುಡ್ಡಿನಲ್ಲಿ ಮಕ್ಕಳ ಶಾಲೆ, ಕೂಲಿ, ಗೊಬ್ಬರ ಎಲ್ಲ ನಡೆಸುವುದು ಕಷ್ಟವಾಗಿ, ವಾರಕ್ಕೊಮ್ಮೆಯಾದರೂ ಕೈಗೆ ಕಾಸು ಬರಬೇಕು ಎಂಬ ಹಟದಲ್ಲಿ.

ಮೇ ತಿಂಗಳಲ್ಲಿ ಬಯಲು ಸೀಮೆಯ ಒಬ್ಬ ದಲ್ಲಾಳಿಯ ಕೈಯಿಂದ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ತಂದೆ. ಕೆಚ್ಚಲು ನೋಡಿದೆ, ಹಾಲಿನ ಅಳತೆ ನೋಡಿದೆ, ರಕ್ತ ಪರೀಕ್ಷೆ ಮಾಡಿಸಲಿಲ್ಲ. ಜೂನ್ ಮೂರನೇ ವಾರ ಮಳೆ ಹಿಡಿಯಿತು. ಗಾಳಿ ಹೊಡೆತಕ್ಕೆ ಎರಚಲು ಒಳಗೆ ಬರುತ್ತಿತ್ತು. ಹಸುಗಳಿಗೆ ಚಳಿಯಾಗುತ್ತದೆಂದು ಮೂರು ಕಡೆ ನೀಲಿ ಟಾರ್ಪಾಲ್ ಕಟ್ಟಿ, ನಾಲ್ಕನೇ ಕಡೆ ಗೋಣಿ ಇಳಿಬಿಟ್ಟೆ. ಬೆಳಿಗ್ಗೆ ಐದಕ್ಕೆ ಗೋಣಿ ಸರಿಸಿದರೆ ಗಂಜಲದ ಘಾಟಿಗೆ ಕಣ್ಣು ಉರಿಯುತ್ತಿತ್ತು. ಹಸುಗಳು ಕೆಮ್ಮುತ್ತಿದ್ದವು. ನಾನು ಇನ್ನೊಂದು ಟಾರ್ಪಾಲ್ ತರಿಸಿದೆ.

ಕಕ್ಕಡ ಮಾಸ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮುಗಿಯುವುದರೊಳಗೆ ಎರಡು ಹಸುಗಳಿಗೆ ಕೆಚ್ಚಲು ಬಾವು. ಒಂದರ ಒಂದು ಮೊಲೆ ಕಟ್ಟಿಹೋಯಿತು, ಮತ್ತೆ ತೆರೆಯಲೇ ಇಲ್ಲ. ಇನ್ನೊಂದಕ್ಕೆ ಜ್ವರ ಬಂತು, ಮೇವು ಬಿಟ್ಟಿತು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತು. ಉಣುಗಿನಿಂದ ಬರುವ ರಕ್ತದ ರೋಗ, ಥೈಲೇರಿಯಾ. ಗೊತ್ತಾಗುವಾಗ ತಡವಾಗಿತ್ತು. ಆ ಹಸುವಿನ ಹೆಸರು ಗೌರಿ. ಅವಳನ್ನು ಮಣ್ಣು ಮಾಡಿದ ಜಾಗದಲ್ಲಿ ಈಗ ಒಂದು ಹಲಸಿನ ಗಿಡ ಇದೆ.

ಅವತ್ತು ಬಂದ ಪಶುವೈದ್ಯರು ಇಂಜೆಕ್ಷನ್ ಪೆಟ್ಟಿಗೆ ತೆರೆಯುವ ಮೊದಲೇ, "ಅಮ್ಮಾ, ಮೊದ್ಲು ಈ ಟಾರ್ಪಾಲ್ ಬಿಚ್ಚಿಸಿ. ಎಚ್‌ಎಫ್‌ಗೆ ನಿಮ್ಮೂರಿನ ಚಳಿ ಹಿತವೇ. ಗಾಳಿ ಬರಲಿ, ನೆಲ ಒಣಗಲಿ" ಅಂದರು. ಸಂಜೆ ಅತ್ತೆ ಬಾವು ಬಂದ ಹಸುವಿನ ಕೆಚ್ಚಲಿಗೆ ಶಾಖ ಕೊಡಲು ಮೊಣಕಾಲೂರಿ ಕೂತರು. ಎದ್ದು ನಿಂತು ಸೀರೆ ತೋರಿಸಿದರು. ಎರಡೂ ಮೊಣಕಾಲಿನ ಹತ್ತಿರ ಅಂಗೈಯಗಲ ಒದ್ದೆ. "ನೋಡು ಮಗಳೇ, ಒಂದು ಗಳಿಗೆಗೆ ನಂಗೆ ಇಷ್ಟಾಯ್ತು. ಅದು ರಾತ್ರಿಯಿಡೀ ಇಲ್ಲೇ ಮಲಗ್ತದೆ."

ಇವತ್ತಿಗೂ ಮಳೆಗಾಲದಲ್ಲಿ ರಾತ್ರಿ ಒಂಬತ್ತಕ್ಕೆ ನಾನು ಮಾಡುವ ಪರೀಕ್ಷೆ ಅದೇ. ಹಸು ಮಲಗುವ ಜಾಗದಲ್ಲಿ ಮೊಣಕಾಲೂರಿ ಇಪ್ಪತ್ತೈದು ಎಣಿಸುತ್ತೇನೆ. ಬಟ್ಟೆ ಒದ್ದೆಯಾದರೆ ಆ ಜಾಗಕ್ಕೆ ಮತ್ತೆ ಭತ್ತದ ಉಮಿ ಬೀಳುತ್ತದೆ.

ಆ ವರ್ಷದ ಮಳೆ ನಿಂತ ಮೇಲೆ ಹೊಸ ಹಸು ತರಲಿಲ್ಲ. ಇದ್ದ ದುಡ್ಡನ್ನೆಲ್ಲ ಕೊಟ್ಟಿಗೆಗೆ ಹಾಕಿದೆ. ಗದ್ದೆ ಬದಿಯಿಂದ ಎತ್ತಿ ಮೇಲಿನ ಬಾಣೆಯ (ಗದ್ದೆಗೆ ಸೇರಿದ ಎತ್ತರದ ಜಾಗ) ಏರಿನಲ್ಲಿ ಕಟ್ಟಿಸಿದೆ. ಸೂರು ಎಲ್ಲ ಕಡೆ ಐದು ಅಡಿ ಮುಂದಕ್ಕೆ. ಎರಚಲು ಬರುವ ನೈರುತ್ಯ ದಿಕ್ಕಿಗೆ ಮಾತ್ರ ನಾಲ್ಕಡಿ ಗೋಡೆ, ಅದರ ಮೇಲೆ ಸುತ್ತಿ ಎತ್ತಬಹುದಾದ ಪರದೆ. ಮಾಡಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಒಂದಡಿ ತೆರವು, ಅದರ ಮೇಲೆ ಪುಟ್ಟ ಟೋಪಿ ಮಾಡು. ನೆಲಕ್ಕೆ ಪ್ರತಿ 40 ಅಡಿಗೆ ಒಂದಡಿಯ ಇಳಿಜಾರು, ಗಂಜಲ ನಿಲ್ಲದೆ ಚರಂಡಿಗೆ ಹೋಗಬೇಕು. ಜಾರದಂತೆ ರಬ್ಬರ್ ಮ್ಯಾಟ್. ಮ್ಯಾಟ್ ಹಾಕಿದ ಮೇಲೆ ಕೆಲಸ ಮುಗಿಯಿತು ಎಂದುಕೊಂಡವರ ಕೊಟ್ಟಿಗೆ ನೋಡಿದ್ದೇನೆ, ಮ್ಯಾಟಿನ ಅಡಿಯಲ್ಲಿ ಗಂಜಲ ಕೊಳೆತು ನಾರುತ್ತಿರುತ್ತದೆ. ಹದಿನೈದು ದಿನಕ್ಕೊಮ್ಮೆ ಎತ್ತಿ ತೊಳೆದು, ಸುಣ್ಣ ಉದುರಿಸಿ ಹಾಕಲೇಬೇಕು.

ಎರಡನೇ ಪಾಠ ಮೇವಿನದು. ಮಳೆಗಾಲದಲ್ಲಿ ಎಲ್ಲಿ ನೋಡಿದರೂ ಹಸಿರು, ಹಾಗಾಗಿ ಮೇವಿಗೇನು ಕೊರತೆ ಎಂದು ಅನ್ನಿಸುತ್ತದೆ. ಆ ಹುಲ್ಲಿನ ತುಂಬ ನೀರು. ಹಸುವಿನ ಹೊಟ್ಟೆ ತುಂಬುತ್ತದೆ, ಒಣ ಅಂಶ, ನಾರು ಸಾಲುವುದಿಲ್ಲ. 2017ರ ಜುಲೈಯಲ್ಲಿ ನಮ್ಮ ಹಾಲಿನ ಫ್ಯಾಟ್ (ಕೊಬ್ಬು) ಶೇಕಡಾ 3.2ಕ್ಕೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.2ಕ್ಕೆ ಇಳಿಯಿತು. ಹಾಲು ಕೊಳ್ಳುವ ಊರ ಸಂಘದಲ್ಲಿ 3.5 ಮತ್ತು 8.5 ಬೇಕು. ಒಂದು ಹನಿ ನೀರು ಬೆರೆಸದೆ ಹಾಲು ವಾಪಸು ತಂದ ದಿನ ದಾರಿಯಲ್ಲಿ ಯಾರ ಮುಖ ನೋಡಲಿಕ್ಕೂ ಆಗಲಿಲ್ಲ.

ಆಮೇಲೆ ರಸಮೇವು (ಹಸಿ ಮೇವನ್ನು ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿ ಹುಳಿಸಿಡುವುದು, ಸೈಲೇಜ್) ಕಲಿತೆ. ಮೊದಲ ವರ್ಷ ಚೀಲದಲ್ಲಿ ತುಂಬಿದ್ದು ಅರ್ಧಕ್ಕರ್ಧ ಹಾಳಾಯಿತು. ಇಲಿ ತೂತು ಮಾಡಿತ್ತು, ಗಾಳಿ ಒಳಹೊಕ್ಕು ಕಪ್ಪು ಬೂಷ್ಟು. ಗುಂಡಿ ತೋಡಿ ಮಾಡಿ ಎಂದು ಒಬ್ಬರು ಹೇಳಿದರು. ಅದು ಬಯಲು ಸೀಮೆಯ ಮಾತು. ನಮ್ಮಲ್ಲಿ ಜುಲೈಗೆ ನೆಲದೊಳಗಿನಿಂದಲೇ ಒರತೆ ಏಳುತ್ತದೆ, ಗುಂಡಿಯಲ್ಲಿ ಹಾಕಿದ್ದು ನೀರಿನಲ್ಲಿ ಕೊಳೆಯುತ್ತದೆ. ಹಾಗಾಗಿ ನೆಲದ ಮೇಲೆ, ಮಾಡಿನ ಕೆಳಗೆ ಎರಡು ತೊಟ್ಟಿ ಕಟ್ಟಿಸಿದೆ. ಒಂದೊಂದೂ 30 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಎತ್ತರ.

ಈ ಅಳತೆಗೆ ಕಾರಣವಿದೆ. ಹಸುವಿಗೆ ದಿನಕ್ಕೆ 15 ಕಿಲೋದಂತೆ 14 ಹಸುಗಳಿಗೆ 210 ಕಿಲೋ, 120 ದಿನಕ್ಕೆ 25 ಟನ್ ಚಿಲ್ಲರೆ. ಚೆನ್ನಾಗಿ ತುಳಿದ ರಸಮೇವು ಒಂದು ಘನ ಅಡಿಗೆ 14 ಕಿಲೋ ತೂಗುತ್ತದೆ. ಆರಡಿ ಅಗಲ, ಐದಡಿ ಎತ್ತರದ ತೊಟ್ಟಿಯಲ್ಲಿ ದಿನಾ ಅರ್ಧ ಅಡಿ ಕೊಯ್ದರೆ ಸರಿಯಾಗಿ ಅವತ್ತಿನ ಮೇವು. ಹನ್ನೆರಡು ಅಡಿ ಅಗಲದ ಒಂದೇ ತೊಟ್ಟಿ ಕಟ್ಟಿಸಿದ್ದರೆ ದಿನಕ್ಕೆ ಮೂರೇ ಇಂಚು ಕೊಯ್ಯುತ್ತಿದ್ದೆ, ತೆರೆದ ಮುಖ ಗಾಳಿಗೆ ಒಡ್ಡಿಕೊಂಡು ಬಿಸಿಯಾಗಿ ಕೆಡುತ್ತಿತ್ತು. ಅಗಲ ಕಡಿಮೆ, ಉದ್ದ ಜಾಸ್ತಿ ಮಾಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಮುಸುಕಿನ ಜೋಳ ನಾನು ಬೆಳೆಯುವುದಿಲ್ಲ. ನೀರಾವರಿ ಇರುವ ಕಡೆಯಿಂದ, ಕುಶಾಲನಗರದ ಆಚೆ ಪಿರಿಯಾಪಟ್ಟಣದ ಕಡೆಯ ರೈತರಿಂದ, ಬೇಸಿಗೆ ಬೆಳೆಯನ್ನು ಏಪ್ರಿಲ್‌ನಲ್ಲಿ ಕೊಳ್ಳುತ್ತೇನೆ. ತೆನೆಯ ಕಾಳನ್ನು ಉಗುರಿನಲ್ಲಿ ಒತ್ತಿದರೆ ಹಾಲು ಗಟ್ಟಿಯಾಗಿ ಹಿಟ್ಟಿನಂತಾಗುತ್ತಿರಬೇಕು, ಅದು ಹದ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಿಟ್ಟರೆ ಉಂಡೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ನೀರು ಒಸರಿದರೆ ಹಸಿ ಹೆಚ್ಚು, ಥಟ್ಟನೆ ಉದುರಿದರೆ ಒಣಗಿದೆ. ಅರ್ಧ ಅಡಿ ಹರಡು, ತುಳಿ, ಮತ್ತೆ ಹರಡು. ತುಳಿಯಲು ಸಣ್ಣ ಟ್ರ್ಯಾಕ್ಟರ್ ಬಾಡಿಗೆಗೆ ತರುತ್ತೇನೆ, ಗೋಡೆ ಅಂಚನ್ನು ಕಾಲಿನಲ್ಲೇ ತುಳಿಯಬೇಕು. ಮುಚ್ಚಿ 45 ದಿನ ಬಿಟ್ಟರೆ ಹಳದಿ ಬಣ್ಣ, ಹಣ್ಣು ಹುಳಿತ ವಾಸನೆ.

ಜತೆಗೆ ಏರಿನ ಜಾಗದಲ್ಲಿ ನೇಪಿಯರ್ ಹುಲ್ಲು ಹಾಕಿದ್ದೇನೆ. ನೀರು ನಿಲ್ಲುವ ಗದ್ದೆಯಲ್ಲಿ ಅದು ಬದುಕುವುದಿಲ್ಲ, ಅಲ್ಲಿಗೆ ಪ್ಯಾರಾ ಹುಲ್ಲು. ಹಲಸು ಹಣ್ಣಾಗುವ ಕಾಲಕ್ಕೆ ಆನೆ ಬಂದರೆ ಒಂದೇ ರಾತ್ರಿಯಲ್ಲಿ ನೇಪಿಯರ್ ಸಾಲುಗಳೆಲ್ಲ ನೆಲಕ್ಕೆ. ಅದಕ್ಕೇ ಮೇವಿನ ಮಡಿಯನ್ನು ಮನೆಯ ಹತ್ತಿರವೇ ಇಟ್ಟುಕೊಂಡಿದ್ದೇನೆ. ಹಿಂಡಿ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ: ಹಸುವಿನ ಮೈಗೆ ಎರಡು ಕಿಲೋ, ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಲವಣ ಮಿಶ್ರಣ 50 ಗ್ರಾಂ. ಭತ್ತದ ಹುಲ್ಲು ಮಳೆಗಾಲದಲ್ಲಿ ಒಂದು ಹೊತ್ತೂ ತಪ್ಪಿಸುವುದಿಲ್ಲ. ಈಗ ಜುಲೈಯಲ್ಲೂ ಫ್ಯಾಟ್ 3.7ಕ್ಕಿಂತ ಕೆಳಗೆ ಬರುವುದಿಲ್ಲ.

ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕುಯ್ಲು. ಲೈನ್ ಮನೆಯ ಕೂಲಿಯವರೆಲ್ಲ ತೋಟಕ್ಕೆ ಹೋಗುತ್ತಾರೆ, ಹಾಲು ಕರೆಯಲು ಜನ ಸಿಗುವುದಿಲ್ಲ. ಎರಡು ಬಕೆಟ್ಟಿನ ಕರೆಯುವ ಯಂತ್ರ, ಕರೆಂಟು ಹೋದರೆ ಜನರೇಟರ್. ಯಂತ್ರವನ್ನು ತೊಳೆಯದಿದ್ದರೆ ಅದೇ ಬಾವಿನ ಬೇರು. ಕರೆಯುವ ಮೊದಲು ನಾಲ್ಕೂ ಮೊಲೆಯ ಮೊದಲ ಹಾಲನ್ನು ಕಪ್ಪು ತಟ್ಟೆಗೆ ಹಿಂಡಿ ಗರಣೆ ಇದೆಯೇ ನೋಡುತ್ತೇವೆ. ಹದಿನೈದು ದಿನಕ್ಕೊಮ್ಮೆ ಸಿಎಂಟಿ, ಅಂದರೆ ಕೆಚ್ಚಲು ಬಾವು ಪತ್ತೆಯ ಪರೀಕ್ಷೆ: ನಾಲ್ಕು ಗುಳಿಯ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲು, ಅಷ್ಟೇ ದ್ರಾವಣ ಹಾಕಿ ತಿರುಗಿಸಿದರೆ ಬಾವು ಒಳಗೇ ಇರುವ ಮೊಲೆಯ ಹಾಲು ಮೊಟ್ಟೆಯ ಲೋಳೆಯಂತೆ ಎಳೆಯುತ್ತದೆ. ಕಣ್ಣಿಗೆ, ಕೈಗೆ ಏನೂ ಗೊತ್ತಾಗದ ಹಂತದಲ್ಲೇ ಅದು ಹೇಳಿಬಿಡುತ್ತದೆ. ಅಂಥ ಹಸುವನ್ನು ಕೊನೆಗೆ ಕರೆಯುವುದು. ಕರೆದಾದ ಮೇಲೆ ಮೊಲೆಯನ್ನು ಅಯೋಡಿನ್‌ನಲ್ಲಿ ಅದ್ದಿ, ಗೋದಲಿಗೆ ಮೇವು ಹಾಕುತ್ತೇವೆ. ಮೊಲೆಯ ಕಣ್ಣು ಮುಚ್ಚಿಕೊಳ್ಳಲು ಅರ್ಧ ಮುಕ್ಕಾಲು ಗಂಟೆ ಬೇಕು, ಅಷ್ಟು ಹೊತ್ತು ಹಸು ಮಲಗಬಾರದು. ತಿನ್ನುತ್ತಾ ನಿಂತಿರುತ್ತದೆ.

ಬೆದೆ ನೋಡುವುದನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಒಂದು ಸಲ ತಪ್ಪಿದರೆ 21 ದಿನದ ಮೇವು, ಹಿಂಡಿ ವ್ಯರ್ಥ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಗಬ್ಬ ಕಟ್ಟಿಸುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ), ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಹಸುವಿನ ಹೆಸರಿದೆ. ಒಳ್ಳೆಯ ಹಸುಗಳಿಗೆ ಹೆಣ್ಣುಕರು ಕೊಡುವ ಲಿಂಗ ನಿರ್ಧರಿತ ವೀರ್ಯ ಹಾಕಿಸುತ್ತೇನೆ. 2019ರಿಂದ ಹೊರಗಿನಿಂದ ಒಂದು ಹಸುವನ್ನೂ ತಂದಿಲ್ಲ. ಈ ಮಣ್ಣಿನಲ್ಲಿ, ಈ ಮಳೆಯಲ್ಲಿ ಹುಟ್ಟಿದ ಕರು ಇಲ್ಲಿಯ ಉಣುಗಿಗೂ ತೇವಕ್ಕೂ ಒಗ್ಗಿಕೊಂಡೇ ಬೆಳೆಯುತ್ತದೆ. ಗಿಣ್ಣು ಹಾಲನ್ನು ಹುಟ್ಟಿದ ಗಂಟೆಯೊಳಗೆ ಕುಡಿಸುವುದು, ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ, ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ, ಗರ್ಭಪಾತ ತರುವ ಬ್ರುಸೆಲ್ಲಾ ರೋಗದ ಲಸಿಕೆ. ಇವಕ್ಕೆ ರಾಜಿ ಇಲ್ಲ.

ಮಾರಾಟದ ವಿಷಯ. ನಾವು ಹಾಸನ ಹಾಲು ಒಕ್ಕೂಟಕ್ಕೆ ಸೇರಿದವರು, 80 ಲೀಟರ್ ಊರ ಸಂಘಕ್ಕೆ ಹೋಗುತ್ತದೆ. 20 ಲೀಟರ್ ಹತ್ತಿರದ ಹೋಂಸ್ಟೇಗಳಿಗೆ. ಅದಕ್ಕೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದ್ದೇನೆ, ಬೆಲೆ ಜಾಸ್ತಿ ಸಿಗುತ್ತದೆ. ಹಾಗಂತ ಎಲ್ಲವನ್ನೂ ಹೋಂಸ್ಟೇಗೆ ಕೊಡುವ ಆಸೆಗೆ ಬೀಳಬಾರದು. ಜುಲೈಯಲ್ಲಿ ಮಳೆಗೆ ಪ್ರವಾಸಿಗರು ಬರುವುದಿಲ್ಲ, ಆಗಲೂ ಹಾಲನ್ನು ಬೇಡ ಅನ್ನದೆ ತೆಗೆದುಕೊಳ್ಳುವುದು ಸಂಘ. ಸರ್ಕಾರದ ಪ್ರೋತ್ಸಾಹಧನವನ್ನು ದಿನದ ಲೆಕ್ಕಕ್ಕೆ ಸೇರಿಸುವುದಿಲ್ಲ, ಹಸುಗಳ ವಿಮೆಗೆ ಎತ್ತಿಡುತ್ತೇನೆ.

ಹಾಲಿನ ದುಡ್ಡಿನಲ್ಲಿ ಹಿಂಡಿ, ಔಷಧಿ, ಸಂಬಳ, ಸಾಲದ ಕಂತು ಕಳೆದು ಉಳಿಯುವುದು ಕಡಿಮೆಯೇ. ನನ್ನ ಲಾಭ ನಿಂತಿರುವುದು ಸಗಣಿಯ ಮೇಲೆ. ಹಸುವೊಂದಕ್ಕೆ ದಿನಕ್ಕೆ 20 ಕಿಲೋ ಅಂದರೂ 14 ಹಸುಗಳಿಗೆ 280 ಕಿಲೋ ಹಸಿ ಸಗಣಿ. ಮೊದಲು ಗೊಬ್ಬರಕ್ಕೆ ಬಯಲು ಸೀಮೆಯಿಂದ ಲಾರಿ ತರಿಸುತ್ತಿದ್ದೆವು. ಈಗ ಗೊಬ್ಬರ ಗ್ಯಾಸಿನಿಂದ ಮನೆಯ ಅಡುಗೆ, ಅದರ ಬಗ್ಗಡ ಕಾಫಿ ಗಿಡದ ಬುಡಕ್ಕೆ, ಉಳಿದದ್ದು ಪಕ್ಕದ ತೋಟಗಳಿಗೆ. ಗೊಬ್ಬರದ ಗುಂಡಿಗೂ ಮಾಡು ಹಾಕಿಸಿದ್ದೇನೆ. ತೆರೆದಿಟ್ಟರೆ ನಮ್ಮ ಮಳೆಗೆ ಸಾರವೆಲ್ಲ ತೋಡಿಗೆ ಹೋಗಿ, ಉಳಿಯುವುದು ಬರೀ ನಾರು. ಕಾಫಿ ಗಿಡದ ಎಲೆ ಬಣ್ಣ ಎರಡು ವರ್ಷದಲ್ಲಿ ಬದಲಾಯಿತು, ರಾಸಾಯನಿಕ ಗೊಬ್ಬರದ ಖರ್ಚು ಅರ್ಧಕ್ಕೆ ಇಳಿಯಿತು.

2018ರ ಆಗಸ್ಟಿನಲ್ಲಿ ಮಾದಾಪುರದ ಕಡೆ ಗುಡ್ಡ ಜರಿದಾಗ ಮೂರು ದಿನ ಹಾಲಿನ ಗಾಡಿ ಬರಲಿಲ್ಲ. ಆಗ ಇದ್ದದ್ದು ಐದು ಹಸು. ಹಾಲನ್ನು ಕಾಯಿಸಿ ಪರಿಹಾರ ಕೇಂದ್ರಕ್ಕೆ ಕೊಟ್ಟೆವು. ಹೊರಗಿನಿಂದ ಹಿಂಡಿಯೂ ಬರಲಿಲ್ಲ, ಕೂಡಿಟ್ಟಿದ್ದ ರಸಮೇವು ಮತ್ತು ಅಟ್ಟದ ಹುಲ್ಲಿನಲ್ಲೇ ಹಸುಗಳು ದಾಟಿದವು. ಬಾವು ಬರಲಿಲ್ಲ, ಹಾಲೂ ಅಷ್ಟಾಗಿ ಇಳಿಯಲಿಲ್ಲ. ಆ ವಾರದ ಕೊನೆಗೆ ಅತ್ತೆ ಕೊಟ್ಟಿಗೆಗೆ ಬಂದು ಮೊಣಕಾಲೂರಿ ಕೂತು, ಎದ್ದು, ಸೀರೆ ಮುಟ್ಟಿ ನೋಡಿಕೊಂಡು ಏನೂ ಮಾತಾಡದೆ ಒಳಗೆ ಹೋದರು.

ಈ ಸಲದ ಜೋಳದ ಲಾರಿ ಬಂದದ್ದು ಏಪ್ರಿಲ್‌ನಲ್ಲಿ, ರಾತ್ರಿ ಒಂಬತ್ತಕ್ಕೆ. ಆಕಾಶದಲ್ಲಿ ಮಿಂಚು. ಕತ್ತರಿಸುವ ಯಂತ್ರಕ್ಕೆ ಇಬ್ಬರು, ತುಳಿಯಲು ಮಕ್ಕಳೂ ಸೇರಿದರು. ಪ್ಲಾಸ್ಟಿಕ್ ಎಳೆದು, ಅದರ ಮೇಲೆ ಮಣ್ಣಿನ ಚೀಲ ಹೇರಿ ಮುಗಿಸುವಾಗ ಎರಡು ಗಂಟೆ, ಮೊದಲ ದಪ್ಪ ಹನಿಗಳು ಮಾಡಿನ ಮೇಲೆ ಬೀಳುತ್ತಿದ್ದವು. ಮೊದಲ ತೊಟ್ಟಿಯ ಬಾಯನ್ನು ಜೂನ್ 10ಕ್ಕೆ ಬಿಚ್ಚುತ್ತೇನೆ.