ಮನೆ ಹಿಡಿಯುವ ಮೊದಲು ಸಿಗ್ನಲ್ ಹಿಡಿಯಿರಿ: ಮೆಲ್ಬರ್ನ್‌ಗೆ ಬಂದ ಹೊಸಬರಿಗೆ ಮೊಬೈಲ್ ಮಾರ್ಗದರ್ಶಿ

ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಹೊಸಬರು ಸೇರಿದ ದಿನವೇ ಕೇಳುವ ಪ್ರಶ್ನೆ ಒಂದಿದೆ: "ಇಲ್ಲಿ ಯಾವ ಸಿಮ್ ಒಳ್ಳೇದು?" ಐದು ನಿಮಿಷದಲ್ಲಿ ಹದಿನೈದು ಉತ್ತರ ಬೀಳುತ್ತವೆ, ಹದಿನೈದೂ ಬೇರೆ ಬೇರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಸಿಟಿಯ ಆಫೀಸಿನಲ್ಲಿ ಇಪ್ಪತ್ತನೇ ಮಹಡಿಯಲ್ಲಿ ಕೂತವರಿಗೆ ಅವರ ಅನುಭವ ನಿಜ. ಪಶ್ಚಿಮದ ಅಂಚಿನ ಟಾರ್ನೀಟ್‌ನ ಹೊಸ ಬಡಾವಣೆಯಲ್ಲಿ ಕಿಟಕಿಗೆ ಒರಗಿ ನಿಂತು ಅಮ್ಮನ ಜೊತೆ ಮಾತಾಡುವವರಿಗೆ ಅವರದೂ ನಿಜ. ಆದ್ದರಿಂದ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಿ: ನಾನು ಇರುವ ಬೀದಿಯಲ್ಲಿ, ಆ ಮನೆಯ ಗೋಡೆಗಳ ಒಳಗೆ, ಯಾವುದು ಹಿಡಿಯುತ್ತದೆ?

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಎಸ್‌ಎನ್‌ಎಲ್‌ಗೆ ಗುಡ್ಡದ ಮೇಲಿನ ಬಂಡೆ, ಇನ್ನೊಂದಕ್ಕೆ ತೋಟದ ಆಚೆ ಅಂಚು ಅಂತ ಲೆಕ್ಕ ಇಟ್ಟುಕೊಂಡೇ ಬೆಳೆದವರು. ಫಜೀತಿ ಪಡುವವರು ನಾವು ಬೆಂಗಳೂರಿನವರು. ಇಷ್ಟು ದೊಡ್ಡ ದೇಶ, ಇಷ್ಟು ದುಡ್ಡಿರುವ ದೇಶ, ಸಿಗ್ನಲ್ ಇರದೆ ಇರುತ್ತದೆಯೇ ಎಂದುಕೊಂಡು ಬರುತ್ತೇವೆ. ಇರುವುದಿಲ್ಲ, ಸ್ವಾಮಿ.

ಮೂರೇ ಜಾಲ, ಮೂವತ್ತು ಹೆಸರು

ಆಸ್ಟ್ರೇಲಿಯಾದಲ್ಲಿ ಸ್ವಂತ ಮೊಬೈಲ್ ಜಾಲ ಇರುವುದು ಮೂರು ಕಡೆ: ಟೆಲ್‌ಸ್ಟ್ರಾ, ಆಪ್ಟಸ್, ಮತ್ತು ಟಿಪಿಜಿ ಕೈಯಲ್ಲಿರುವ ವೊಡಾಫೋನ್. ಸೂಪರ್‌ಮಾರ್ಕೆಟ್ಟಿನಲ್ಲಿ ನೇತುಹಾಕಿರುವ ಉಳಿದ ಸಿಮ್‌ಗಳೆಲ್ಲ ಈ ಮೂರರಲ್ಲಿ ಒಂದರ ಮನೆಯಲ್ಲಿ ಬಾಡಿಗೆಗಿರುವವು.

- ಟೆಲ್‌ಸ್ಟ್ರಾ ಜಾಲ: ಬೂಸ್ಟ್, ಬಿಲಾಂಗ್, ಆಲ್ಡಿ, ವೂಲ್‌ವರ್ತ್ಸ್‌ನವರ ಎವ್ರಿಡೇ
- ಆಪ್ಟಸ್ ಜಾಲ: ಅಮೇಸಿಮ್ (ಆಪ್ಟಸ್‌ನದೇ ಕೂಸು)
- ವೊಡಾಫೋನ್ ಜಾಲ: ಲೆಬಾರಾ, ಕೋಗನ್, ಫೀಲಿಕ್ಸ್

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಎಡವುತ್ತಾರೆ. ಟೆಲ್‌ಸ್ಟ್ರಾ ಬಾಡಿಗೆದಾರರಿಗೆಲ್ಲ ಪೂರ್ತಿ ಮನೆ ಸಿಗುವುದಿಲ್ಲ. ಬೂಸ್ಟ್‌ಗೆ ಪೂರ್ತಿ ಜಾಲ, ಮಿಕ್ಕವರಿಗೆ ಸಗಟು ಜಾಲ ಎಂಬ ಚಿಕ್ಕ ಭಾಗ. ಪೂರ್ತಿ ಜಾಲ ಜನಸಂಖ್ಯೆಯ ಶೇ. 99.7ರಷ್ಟನ್ನು ಮುಟ್ಟುತ್ತದೆ ಎನ್ನುತ್ತಾರೆ, ಸಗಟು ಜಾಲ ಶೇ. 98.8, ಆಪ್ಟಸ್ ಶೇ. 98.5. ವೊಡಾಫೋನ್ 2025ರ ಜನವರಿಯಿಂದ ಹಳ್ಳಿಗಾಡಿನಲ್ಲಿ ಆಪ್ಟಸ್ ಜಾಲವನ್ನು ಹಂಚಿಕೊಂಡು ಶೇ. 98.4ಕ್ಕೆ ಏರಿದೆ. ನೋಡಿದರೆ ಒಂದು ಪರ್ಸೆಂಟಿನ ಜಗಳ ಅನಿಸುತ್ತದೆ. ಆದರೆ ಈ ದೇಶದ ಜನ ಕಡಲಂಚಿನ ಕೆಲವು ಊರುಗಳಲ್ಲಿ ಗುಂಪುಗೂಡಿದ್ದಾರೆ, ಒಳಗೆಲ್ಲ ಬಯಲು. ಅದೇ ಲೆಕ್ಕವನ್ನು ನೆಲದ ಮೇಲೆ ಹಾಕಿ: ಟೆಲ್‌ಸ್ಟ್ರಾ ಹೇಳಿಕೊಳ್ಳುವುದು ಸುಮಾರು 30 ಲಕ್ಷ ಚದರ ಕಿಲೋಮೀಟರ್, ಉಳಿದಿಬ್ಬರದು ತಲಾ ಸುಮಾರು 10 ಲಕ್ಷ. ದೇಶದ ವಿಸ್ತೀರ್ಣ 76 ಲಕ್ಷಕ್ಕೂ ಹೆಚ್ಚು. ಅಂದರೆ ಎಲ್ಲರಿಗಿಂತ ದೊಡ್ಡ ಜಾಲವೂ ಅರ್ಧ ದೇಶ ಮುಟ್ಟುವುದಿಲ್ಲ. ಆ 30 ಲಕ್ಷ ಕೂಡ ಹೊರಗೆ ಆಂಟೆನಾ ಸಿಕ್ಕಿಸಿಕೊಂಡವರ ಲೆಕ್ಕ ಎಂದು ವೊಡಾಫೋನ್ 2025ರ ಮೇ ತಿಂಗಳಲ್ಲಿ ಬಹಿರಂಗವಾಗಿಯೇ ತಕರಾರು ತೆಗೆಯಿತು. ಕಾರಿನ ಮೇಲೆ ಆಂಟೆನಾ ಇಟ್ಟುಕೊಂಡು ತಿರುಗುವವರು ನಮ್ಮ ಸಂಘದಲ್ಲಂತೂ ಯಾರೂ ಇಲ್ಲ.

ಮೆಲ್ಬರ್ನ್ ಬಿಟ್ಟು ಆಚೆ ಹೋಗದ ಕುಟುಂಬಕ್ಕೆ ಈ ವ್ಯತ್ಯಾಸ ಹೆಚ್ಚು ತಾಗುವುದಿಲ್ಲ. ಬಲ್ಲರಾಟ್, ಬೆಂಡಿಗೋ ದಾಟಿ ಕೆಲಸಕ್ಕೆ ಹೋಗುವ ನರ್ಸ್, ಡಾಕ್ಟರ್, ಸಿವಿಲ್ ಎಂಜಿನಿಯರ್‌ಗಳು ಮಾತ್ರ ಡಾಲರ್ ಉಳಿಸಲು ಹೋಗಬೇಡಿ.

ಊರಿಂದ ತಂದ ಫೋನು

ಇಲ್ಲಿ 3ಜಿ ಸತ್ತುಹೋಗಿದೆ. ವೊಡಾಫೋನ್ 2024ರ ಆರಂಭಕ್ಕೇ ಮುಚ್ಚಿತು, ಟೆಲ್‌ಸ್ಟ್ರಾ ಮತ್ತು ಆಪ್ಟಸ್ 2024ರ ಅಕ್ಟೋಬರ್ 28ರಿಂದ ಮುಚ್ಚಿದವು. ಈಗ ಮಾತಾಡಬೇಕಾದರೂ 4ಜಿ ಮೇಲೆಯೇ, ಅಂದರೆ ಫೋನಿನಲ್ಲಿ ವೋಲ್ಟಿ (4ಜಿಯಲ್ಲೇ ಕರೆ ಮಾಡುವ ಸೌಲಭ್ಯ) ಇರಲೇಬೇಕು. "ನಮ್ಮ ಫೋನಲ್ಲಿ ಜಿಯೋ ಓಡ್ತಿತ್ತು, ವೋಲ್ಟಿ ಇದ್ದೇ ಇದೆ" ಅನ್ನುತ್ತೀರಿ. ಇರಬಹುದು. ಆದರೆ ನಿಮ್ಮ ಮಾಡೆಲ್ಲು ಇಲ್ಲಿನ ಜಾಲದಲ್ಲಿ ತುರ್ತು ಸಂಖ್ಯೆ 000ಕ್ಕೆ 4ಜಿಯಲ್ಲಿ ಕರೆ ಮಾಡಬಲ್ಲದೇ ಎಂಬುದು ಬೇರೆ ಮಾತು. ಮಾಡಲಾರದ ಫೋನಿಗೆ ಸೇವೆ ಕೊಡಬಾರದು ಎಂದು ಸರ್ಕಾರದ ನಿಯಮವೇ ಇದೆ. ಇಂಟರ್ನೆಟ್ ಚೆನ್ನಾಗಿ ಓಡುತ್ತಿದ್ದ ಫೋನನ್ನು ಕಂಪನಿ ಒಂದು ದಿನ ಪೂರ್ತಿ ನಿಲ್ಲಿಸಿಬಿಡಬಹುದು. ಒಂದು ಜಾಲ ಬೇಡ ಎಂದ ಫೋನನ್ನು ಇನ್ನೊಂದು ಒಪ್ಪಿಕೊಂಡದ್ದೂ ಉಂಟು.

ಎರಡನೆಯದು ಬ್ಯಾಂಡ್, ಅಂದರೆ ಫೋನು ಹಿಡಿಯಬಲ್ಲ ರೇಡಿಯೋ ತರಂಗದ ಪಟ್ಟಿ. ಟೆಲ್‌ಸ್ಟ್ರಾ, ಆಪ್ಟಸ್ ಎರಡೂ ದೂರ ಮುಟ್ಟಲು, ಗೋಡೆ ತೂರಲು ನೆಚ್ಚಿಕೊಂಡಿರುವುದು 700 ಮೆಗಾಹರ್ಟ್ಸ್, ಅಂದರೆ 4ಜಿ ಬ್ಯಾಂಡ್ 28. ಭಾರತದ ಮಾರುಕಟ್ಟೆಗೆಂದೇ ಬಂದ ಕೆಲವು ಅಗ್ಗದ ಫೋನುಗಳಲ್ಲಿ ಅದು ಇರುವುದಿಲ್ಲ. ಅಂಥ ಫೋನು ಬೀದಿಯಲ್ಲಿ ನಾಲ್ಕು ಕಡ್ಡಿ ತೋರಿಸಿ ಅಡುಗೆಮನೆಯಲ್ಲಿ ಕೈ ಎತ್ತುತ್ತದೆ. ಆಗ ನೀವು ಕಂಪನಿಗೆ ಬಯ್ಯುತ್ತೀರಿ, ತಪ್ಪು ಜೇಬಿನಲ್ಲೇ ಇರುತ್ತದೆ.

ವಿಮಾನ ಹತ್ತುವ ಮೊದಲೇ ಮಾಡೆಲ್ ನಂಬರ್ ಬರೆದುಕೊಂಡು ಮೂರೂ ಕಂಪನಿಗಳ ಪಟ್ಟಿ ನೋಡಿ. ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬರುತ್ತಿದ್ದರೆ ಅವರ ಫೋನನ್ನೂ ನೋಡಿ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವವರು ಅವರು.

ಮನೆ ನೋಡಲು ಹೋದಾಗ

ನಾನು 2017ರ ಫೆಬ್ರವರಿಯಲ್ಲಿ ಬಂದೆ. ಎರಡನೇ ದಿನವೇ ಶಾಪಿಂಗ್ ಸೆಂಟರಿನ ನಡುವಿದ್ದ ಒಂದು ಮೊಬೈಲ್ ಗೂಡಂಗಡಿಯಲ್ಲಿ ಹುಡುಗ ಹಿಂದಿಯಲ್ಲಿ "ಭಯ್ಯಾ" ಅಂದದ್ದಕ್ಕೇ ಕರಗಿ 24 ತಿಂಗಳ ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದೆ. ಕನ್ನಡದಲ್ಲಿ "ಅಣ್ಣಾ" ಅಂದಿದ್ದರೆ ಹೆಂಡತಿಯ ಹೆಸರಲ್ಲೂ ಒಂದು ತೆಗೆದುಕೊಳ್ಳುತ್ತಿದ್ದೆ. ಮೂರನೇ ವಾರ ಪಶ್ಚಿಮದ ಒಂದು ಹೊಸ ಬಡಾವಣೆಯಲ್ಲಿ ಒಂದು ವರ್ಷದ ಲೀಸಿಗೆ ಸಹಿ. ಚಂದದ ಮನೆ, ದೊಡ್ಡ ಅಡುಗೆಮನೆ, ಹಿಂದೆ ಕರಿಬೇವಿಗೂ ಜಾಗ. ಬಾಗಿಲು ಮುಚ್ಚಿದ ಕೂಡಲೇ ಫೋನು ಸತ್ತಿತು.

ಕಾರಣ ಆಮೇಲೆ ತಿಳಿಯಿತು. ಹೊಸ ಬಡಾವಣೆಗಳಲ್ಲಿ ಮನೆ ಮೊದಲು ಏಳುತ್ತವೆ, ಟವರ್ ವರ್ಷಗಳ ಮೇಲೆ ಬರುತ್ತದೆ. ಇರುವ ಒಂದು ಟವರನ್ನು ಸಾವಿರಾರು ಹೊಸ ಮನೆ ಹಂಚಿಕೊಳ್ಳಬೇಕು. ಅದರ ಮೇಲೆ ಇಲ್ಲಿನ ಹೊಸ ಮನೆಗಳ ಗೋಡೆ, ಮಾಡಿನ ಒಳಗೆ ಶಾಖ ತಡೆಯಲು ಬೆಳ್ಳಿ ಬಣ್ಣದ ಲೋಹದ ಹಾಳೆ ಹೊದಿಸಿರುತ್ತಾರೆ, ಕೆಲವು ಕಡೆ ತಗಡಿನ ಮಾಡು ಬೇರೆ. ಬಿಸಿಲು ತಡೆಯುವುದು ಸಿಗ್ನಲ್ಲನ್ನೂ ತಡೆಯುತ್ತದೆ.

ಅದಕ್ಕೇ ಹೇಳುವುದು: ಬಂದ ಮೊದಲ ತಿಂಗಳು ಕಾಂಟ್ರ್ಯಾಕ್ಟ್ ಬೇಡ. ಎರಡು ಬೇರೆ ಬೇರೆ ಜಾಲದ ಅಗ್ಗದ ಪ್ರಿಪೇಯ್ಡ್ ಸಿಮ್ ತೆಗೆದುಕೊಳ್ಳಿ, ಗಂಡನ ಫೋನಿಗೊಂದು, ಹೆಂಡತಿಯ ಫೋನಿಗೊಂದು. ಮೂರನೆಯದನ್ನು ಗೆಳೆಯರಿಂದ ಕೇಳಿ ತನ್ನಿ. ಶನಿವಾರ ಮನೆ ತೋರಿಸುವ ಏಜೆಂಟ್ ಹದಿನೈದು ನಿಮಿಷ ಕೊಡುತ್ತಾರೆ. ನಾವೆಲ್ಲ ಆ ಹದಿನೈದು ನಿಮಿಷವನ್ನು ಪೂರ್ವಕ್ಕೆ ಬಾಗಿಲಿದೆಯೇ, ದೇವರ ಮನೆಗೆ ಮೂಲೆ ಇದೆಯೇ ಎಂದು ನೋಡುವುದರಲ್ಲೇ ಕಳೆಯುತ್ತೇವೆ. ವಾಸ್ತು ನೋಡಿ, ಬೇಡ ಅನ್ನುವುದಿಲ್ಲ. ಜೊತೆಗೆ ಇಷ್ಟು ಮಾಡಿ: ಬಾಗಿಲು ಕಿಟಕಿ ಮುಚ್ಚಿಸಿ, ಅಡುಗೆಮನೆ, ಮಲಗುವ ಕೋಣೆ, ಗರಾಜು ಮೂರೂ ಕಡೆ ನಿಂತು ಒಬ್ಬರಿಗೊಬ್ಬರು ಕರೆ ಮಾಡಿ. ವಾಟ್ಸಾಪ್ ಕರೆ ಲೆಕ್ಕಕ್ಕಿಲ್ಲ, ನಿಜವಾದ ಫೋನ್ ಕರೆ.

ಕಡ್ಡಿಗಳನ್ನು ನಂಬಬೇಡಿ. ಒಂದು ಫೋನಿನ ಮೂರು ಕಡ್ಡಿ ಇನ್ನೊಂದರಲ್ಲಿ ಒಂದಾಗಿರುತ್ತದೆ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ "ಅಬೌಟ್ ಫೋನ್" ಒಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ಲಿನ ಬಲ ಹೇಳುವ ಡಿಬಿಎಂ ಎಂಬ ಮೈನಸ್ ಸಂಖ್ಯೆ ಕಾಣುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಮಾಡಿದರೆ ಅಂಥದೇ ಪರದೆ ಬರುತ್ತದೆ. 4ಜಿಯಲ್ಲಿ ಮೈನಸ್ 95ರ ಆಸುಪಾಸು ಇದ್ದರೆ ಸಂಸಾರ ಸಾಗುತ್ತದೆ, ಮೈನಸ್ 115 ದಾಟಿದರೆ ಕರೆ ಕತ್ತರಿಸುತ್ತದೆ. ಹತ್ತು ಅಂಕ ಇಳಿದರೆ ಸಿಗ್ನಲ್ಲಿನ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿದಂತೆ. ಬೀದಿಯಲ್ಲಿ ಮೈನಸ್ 90, ಮಂಚದ ಮೇಲೆ ಮೈನಸ್ 112 ಬಂದರೆ "ಸ್ವಲ್ಪ ಕಡಿಮೆ" ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಕಂಪನಿಗಳ ನಕ್ಷೆಯನ್ನೂ ನೋಡಿ, ಆದರೆ ಬಣ್ಣದ ಅರ್ಥ ಓದಿ ನೋಡಿ. ಹೊರಗೆ ನಿಂತರೆ ಸಿಗುವುದು, ಹೊರಗಿನ ಆಂಟೆನಾ ಇದ್ದರೆ ಸಿಗುವುದು, ಇವೆರಡೂ ಬೇರೆ ಬೇರೆ ಬಣ್ಣ. ನಿಮ್ಮ ಮಲಗುವ ಕೋಣೆ ಯಾವ ನಕ್ಷೆಯಲ್ಲೂ ಇಲ್ಲ.

ಈಗಾಗಲೇ ಸಹಿ ಹಾಕಿ ಸಿಕ್ಕಿಬಿದ್ದವರಿಗೆ ದಾರಿ ವೈಫೈ ಕಾಲಿಂಗ್. ಮನೆಗೆ ಎನ್‌ಬಿಎನ್ (ಇಲ್ಲಿನ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲ) ಇಂಟರ್ನೆಟ್ ಬಂದ ದಿನವೇ ಫೋನಿನಲ್ಲಿ ಅದನ್ನು ಆನ್ ಮಾಡಿ, ಮಾಮೂಲಿ ಕರೆಗಳೇ ವೈಫೈ ಮೇಲೆ ಬರುತ್ತವೆ. ಊರಿಂದ ತಂದ ಕೆಲವು ಫೋನಿನಲ್ಲಿ ಈ ಗುಂಡಿಯೇ ಕಾಣುವುದಿಲ್ಲ, ಕರೆಂಟು ಹೋದರೆ ವೈಫೈ ಕೂಡ ಹೋಗುತ್ತದೆ ಎಂಬುದು ನೆನಪಿರಲಿ. ದಯವಿಟ್ಟು ಬೆಂಗಳೂರಿನ ಎಸ್‌ಪಿ ರೋಡಿನಿಂದ ಸಿಗ್ನಲ್ ಬೂಸ್ಟರ್ ತರಿಸಬೇಡಿ. ಮೊಬೈಲ್ ಕಂಪನಿ ಒಪ್ಪಿದ ರಿಪೀಟರ್ ಬಿಟ್ಟು ಬೇರೆ ಇಡುವುದು ಇಲ್ಲಿ ಕಾನೂನುಬಾಹಿರ.

ವಾಯ್ಸ್‌ಮೇಲ್ ಎಂಬ ಪೆಟ್ಟಿಗೆ

ಇದನ್ನು ಪ್ರತ್ಯೇಕವಾಗಿ ಬರೆಯುವುದಕ್ಕೆ ಕಾರಣ ಇದೆ. ನಮಗೆ ಮಿಸ್ಡ್ ಕಾಲ್ ಅಂದರೆ "ತಿರುಗಿಸಿ ಮಾಡು" ಅಂತ ಅರ್ಥ. ಇಲ್ಲಿ ಕರೆ ಸಿಗದಿದ್ದರೆ ವಾಯ್ಸ್‌ಮೇಲ್‌ನಲ್ಲಿ ಮಾತು ಬಿಟ್ಟು ಹೋಗುತ್ತಾರೆ, ಮತ್ತೆ ಮಾಡುವುದಿಲ್ಲ. ಸಿಗ್ನಲ್ ಸತ್ತ ನನ್ನ ಆ ಮೊದಲ ಮನೆಯಲ್ಲಿ ಫೋನು ರಿಂಗ್ ಕೂಡ ಆಗುತ್ತಿರಲಿಲ್ಲ, ಮಿಸ್ಡ್ ಕಾಲ್ ಗುರುತೂ ಇಲ್ಲ. ವಾಯ್ಸ್‌ಮೇಲ್ ಸೂಚನೆಯನ್ನು ನಾನು ಜಾಹೀರಾತು ಎಂದುಕೊಂಡೆ. ನಾಲ್ಕು ದಿನದ ಮೇಲೆ ಕೇಳಿದಾಗ ಅದು ನನ್ನ ಮೊದಲ ಇಂಟರ್‌ವ್ಯೂ ಕರೆ. "ನಾಳೆ ಹತ್ತಕ್ಕೆ ಬರಬಹುದಾ" ಅಂತ. ಆ ನಾಳೆ ಮೂರು ದಿನದ ಹಿಂದೆಯೇ ಕಳೆದಿತ್ತು. ಮತ್ತೊಂದು ಕೆಲಸ ಸಿಗಲು ಹನ್ನೊಂದು ವಾರ ಹಿಡಿಯಿತು. ಬೇಳೆ ಕೊಳ್ಳುವಾಗ ಡಾಲರನ್ನು ರೂಪಾಯಿಗೆ ಗುಣಿಸುತ್ತಾ ನಿಂತ ವಾರಗಳವು.

ಕೇಳುವ ಸಂಖ್ಯೆ: ಟೆಲ್‌ಸ್ಟ್ರಾ 101, ಆಪ್ಟಸ್ 321, ವೊಡಾಫೋನ್ 121. ದಿನಕ್ಕೊಮ್ಮೆ ಕೇಳಿ. ನಿಮ್ಮ ಹೆಸರನ್ನು ನಿಧಾನವಾಗಿ, ಬಿಡಿಸಿ ಹೇಳಿ ರೆಕಾರ್ಡ್ ಮಾಡಿಡಿ. ಅದರಲ್ಲಿ ನಾಚಿಕೆ ಏನಿಲ್ಲ.

ಏರಿಯಾ ಏರಿಯಾ

- ಸಿಟಿ: ಮೂರೂ ಸರಿ. ಲಿಫ್ಟು, ನೆಲಮಾಳಿಗೆ ಪಾರ್ಕಿಂಗ್ ಬಿಟ್ಟು.
- ಕ್ಲೇಟನ್, ಗ್ಲೆನ್ ವೇವರ್ಲಿ: ಹಳೆ ಬಡಾವಣೆ, ಅಗ್ಗದ ಸಿಮ್ ಸಾಕು.
- ಟಾರ್ನೀಟ್, ಟ್ರುಗನೀನಾ, ವಿಂಡಮ್ ವೇಲ್, ಕ್ಲೈಡ್ ನಾರ್ತ್‌ನ ಹೊಸ ಭಾಗಗಳು: ಬೀದಿ ಬೀದಿಗೂ ಬೇರೆ. ಸ್ವತಃ ನೋಡದೆ ನಂಬಬೇಡಿ. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಇನ್ನೊಮ್ಮೆ ನೋಡಿ.
- ಟಾರ್ನೀಟ್ ರೈಲು: ವಿಲೋಸಿಟಿ ಬೋಗಿಗಳಲ್ಲಿ ಸಿಗ್ನಲ್ ರಿಪೀಟರ್ ಇದೆ. ಬೆಳಗಿನ ಜನಸಂದಣಿಯಲ್ಲಿ ಆಫೀಸ್ ಮೀಟಿಂಗ್ ನೆಚ್ಚಿಕೊಳ್ಳಬೇಡಿ.
- ಬೆಲ್‌ಗ್ರೇವ್, ಒಲಿಂಡಾ ಕಡೆ ಬೆಟ್ಟ: ತಿರುವು ತಿರುವಿಗೂ ಬರುತ್ತೆ, ಹೋಗುತ್ತೆ.
- ಎಂಸಿಜಿ: ಕಡ್ಡಿ ಪೂರ್ತಿ, ಡೇಟಾ ಶೂನ್ಯ. 2022ರ ಅಕ್ಟೋಬರ್ 23ರ ಭಾರತ-ಪಾಕಿಸ್ತಾನ ಪಂದ್ಯಕ್ಕೆ 90 ಸಾವಿರಕ್ಕೂ ಹೆಚ್ಚು ಜನ. ಕೊಹ್ಲಿ ಗೆಲ್ಲಿಸಿದ ಫೋಟೋ ನಮ್ಮ ಊರಿಗೆ ತಲುಪಿದ್ದು ನಾವು ರೈಲು ಹತ್ತಿದ ಮೇಲೆ.

ಗ್ರೇಟ್ ಓಷನ್ ರೋಡ್ ಮತ್ತು ಅದರಾಚೆ

ಹೊಸಬರೆಲ್ಲ ಮೊದಲ ಲಾಂಗ್ ವೀಕೆಂಡಿಗೆ ಅಲ್ಲಿಗೇ ಹೋಗುತ್ತೀರಿ, ಪುಳಿಯೋಗರೆ ಕಟ್ಟಿಕೊಂಡು. ಲೋರ್ನ್ ದಾಟಿ ಅಪೋಲೊ ಬೇವರೆಗೆ, ಆಮೇಲೆ ಆಟ್ವೇ ಕಾಡಿನೊಳಗೆ, ಸಿಗ್ನಲ್ ತುಂಡು ತುಂಡು. ಗ್ರಾಂಪಿಯನ್ಸ್‌ನಲ್ಲಿ ಹಾಲ್ಸ್ ಗ್ಯಾಪ್ ಊರಿನಲ್ಲಿ ಸಿಗುತ್ತದೆ, ಒಳಗಿನ ಬೆಟ್ಟದ ರಸ್ತೆಗಳಲ್ಲಿ ನಂಬುವ ಹಾಗಿಲ್ಲ. ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ. ಎರಡು ಕಾರಿನಲ್ಲಿ ಹೋಗುವವರು "ಫೋನ್ ಮಾಡ್ತೀನಿ" ಅಂತ ಬೇರ್ಪಡಬೇಡಿ, ಸೇರುವ ಜಾಗ, ಹೊತ್ತು ಮೊದಲೇ ಹೇಳಿಕೊಳ್ಳಿ. ಒಂದು ಕಾರಿನಲ್ಲಿ ಎರಡು ಜಾಲದ ಫೋನು ಇರಲಿ. ಐಫೋನ್ 14 ಅಥವಾ ಅದಕ್ಕಿಂತ ಹೊಸದು ಇದ್ದರೆ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು.

000

ಮಕ್ಕಳಿಗೂ ಅಜ್ಜಿಗೂ ಕಲಿಸಿ: ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರಕ್ಕೂ 000. ಮೊಬೈಲಿನಿಂದ 112 ಕೂಡ ನಡೆಯುತ್ತದೆ. ನಿಮ್ಮ ಜಾಲ ಇಲ್ಲದ ಕಡೆ ಬೇರೆಯವರ ಜಾಲ ಇದ್ದರೆ ಫೋನು ಅದರ ಮೂಲಕವೇ ಕರೆ ಕಳಿಸಬೇಕು. ಪರದೆಯಲ್ಲಿ "ಎಸ್‌ಒಎಸ್" ಎಂದು ಕಂಡರೆ ಅದೇ ಅರ್ಥ. ಕಳಿಸಬೇಕು ಅಂದದ್ದು ಯಾವಾಗಲೂ ಆಗುವುದಿಲ್ಲ. 2023ರ ನವೆಂಬರ್ 8ರಂದು ಆಪ್ಟಸ್ ಜಾಲ ದೇಶದಾದ್ಯಂತ ಗಂಟೆಗಟ್ಟಲೆ ಮಲಗಿತ್ತು. 2025ರ ಸೆಪ್ಟೆಂಬರ್ 18ರಂದು ಅದರ ಒಂದು ಫೈರ್‌ವಾಲ್ (ಜಾಲದ ಕಾವಲು ವ್ಯವಸ್ಥೆ) ಬದಲಾವಣೆಯಲ್ಲಿ ನೂರಾರು 000 ಕರೆಗಳು ಮುಟ್ಟಲೇ ಇಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಜಾಲದಲ್ಲಿ ಇರಬೇಡಿ ಎಂದು ನಾವು ಹೇಳುವುದು ಇದಕ್ಕೇ. ಫ್ಯಾಮಿಲಿ ಪ್ಲಾನ್ ಅಗ್ಗ ಎಂಬ ವಾದ ನಮಗೂ ಗೊತ್ತು.

ಕಂಪನಿ ಜೊತೆ ಜಗಳ ಬಂದರೆ

ಮೊದಲು ಅವರಿಗೇ ಬರೆದು ದೂರು ಕೊಡಿ. ಬಗೆಹರಿಯದಿದ್ದರೆ ಗ್ರಾಹಕರ ದೂರು ಕೇಳುವ ಟೆಲಿಕಮ್ಯುನಿಕೇಷನ್ಸ್ ಇಂಡಸ್ಟ್ರಿ ಓಂಬುಡ್ಸ್‌ಮನ್‌ಗೆ ಹೋಗಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಭಾರತದ ನಂಬರು

- ಬ್ಯಾಂಕಿನ ಓಟಿಪಿಗೆ ಹಳೆ ಸಿಮ್ ಬೇಕೇ ಬೇಕು. ಹೊರಡುವ ಮೊದಲೇ ಅಂತಾರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿ.
- ಎರಡನೇ ಸಿಮ್ ಜಾಗದಲ್ಲಿ ಇಡಿ, ಡೇಟಾ ಆಫ್. ಇಲ್ಲಿನ ನಂಬರನ್ನು ಇಸಿಮ್ ಮಾಡಿಕೊಂಡರೆ ಸುಲಭ.
- ಎನ್‌ಆರ್‌ಐ ಖಾತೆಗೆ ಆಸ್ಟ್ರೇಲಿಯಾ ನಂಬರಿನಲ್ಲೇ ಯುಪಿಐ ಜೋಡಿಸಲು 2023ರಿಂದ ಅವಕಾಶ ಇದೆ. ನಿಮ್ಮ ಬ್ಯಾಂಕನ್ನು ಕೇಳಿ.
- ರೀಚಾರ್ಜ್ ಜವಾಬ್ದಾರಿ ತಮ್ಮನಿಗೆ ಬಿಟ್ಟು ಮರೆಯಬೇಡಿ. ತಮ್ಮನೂ ಮರೆಯುತ್ತಾನೆ.